ನುಚ್ಚಿಗೆ ನೀರು ಇಳಿಯುವ ಬಗೆ

ದೀಪಾವಳಿ ಕಳೆಯುವ ಹೊತ್ತಿಗೆ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಭರಮಸಾಗರದ ಸೀಮೆಯಲ್ಲಿ ಎತ್ತ ನೋಡಿದರೂ ಹಳದಿ. ಮೆಕ್ಕೆಜೋಳ ಕಣ ತುಂಬಿ ಅಂಗಳಕ್ಕೆ ಬರುತ್ತದೆ, ಅಂಗಳವೂ ಸಾಲದಿದ್ದರೆ ಡಾಂಬರು ರಸ್ತೆಯ ಅಂಚಿಗೆ ಹರಡಿಕೊಳ್ಳುತ್ತದೆ. ಒಣಗಿದ್ದೇ ತಡ, ಚೀಲ ತುಂಬಿ ಲಾರಿ ಏರುತ್ತದೆ. ಹೋಗುವುದು ಬಹುಪಾಲು ಕೋಳಿ ಆಹಾರ ಮಾಡುವಲ್ಲಿಗೆ, ಇಲ್ಲವೇ ಪಿಷ್ಟ ತೆಗೆಯುವ ಕಾರ್ಖಾನೆಗೆ. ಎಳೆಯ ತೆನೆ ಸುಟ್ಟು ತಿನ್ನುವುದನ್ನು ಬಿಟ್ಟರೆ, ಬೆಳೆದವರ ಮನೆಯ ಒಲೆಯ ಮೇಲೆ ಈ ಕಾಳು ಏರುವುದು ಅಪರೂಪ.

ಇದೇ ಕಾಳನ್ನು ಉತ್ತರ ಇಟಲಿಯವರು ಒಡೆದು, ನೀರಲ್ಲಿ ಮೆತ್ತಗೆ ಬೇಯಿಸಿ, ಬೆಣ್ಣೆ ಬೆರೆಸಿ, ಮೇಲೆ ಸೊಪ್ಪೋ ಅಣಬೆಯೋ ಮಾಂಸದ ಸಾರೋ ಹಾಕಿಕೊಂಡು ಉಣ್ಣುತ್ತಾರೆ. ಪೊಲೆಂಟಾ ಅಂದರೆ ಅಷ್ಟೆ. ಜೋಳದ ನುಚ್ಚು ಉಂಡು ಬೆಳೆದವರಿಗೆ ಅದರಲ್ಲಿ ವಿದೇಶಿಯಾದದ್ದು ಏನೂ ಕಾಣುವುದಿಲ್ಲ. ನನ್ನ ಮಾತು ಇಷ್ಟೆ: ಮೆಕ್ಕೆಜೋಳವನ್ನು ನುಚ್ಚು ಮಾಡಿ ಉಣ್ಣುವ ವಿದ್ಯೆ ಚಿತ್ರದುರ್ಗದ ಅಡುಗೆಮನೆಯಲ್ಲಿ ಆಗಲೇ ಇದೆ, ಮತ್ತು ಆ ನುಚ್ಚಿನ ಮೇಲೆ ಏನು ಬೀಳಬೇಕು ಎಂಬ ವಿದ್ಯೆಯೂ ಇದೆ. ಎರಡನೆಯದನ್ನು ಕಡೆಗಣಿಸಿದ ನಾಡುಗಳು ಬಹಳ ದೊಡ್ಡ ಬೆಲೆ ತೆತ್ತವು.

ಮೊದಲು ಕಾಳಿನ ಊರು ಯಾವುದು ನೋಡೋಣ. ಮೆಕ್ಕೆಜೋಳ ಹುಟ್ಟಿದ್ದು ಮೆಕ್ಸಿಕೊದಲ್ಲಿ. ಸುಮಾರು 9000 ವರ್ಷಗಳ ಹಿಂದೆ ಅಲ್ಲಿನ ಜನ ಟಿಯೊಸಿಂಟೆ ಎಂಬ ಕಾಡು ಹುಲ್ಲನ್ನು ಸಾಕಿ, ಆರಿಸಿ, ಪಳಗಿಸಿ ಈ ತೆನೆಯನ್ನು ಪಡೆದರು. 1492ರಲ್ಲಿ ಕೊಲಂಬಸ್ ಕಡಲು ದಾಟಿದ ಮೇಲೆ ಅದು ಯುರೋಪಿಗೆ ಬಂತು, ಅಲ್ಲಿಂದ ಏಷ್ಯಾಕ್ಕೆ. ಈ ಕಥೆಗೆ ಕರ್ನಾಟಕದಿಂದಲೇ ಒಂದು ಆಕ್ಷೇಪ ಎದ್ದಿತ್ತು. ಸೋಮನಾಥಪುರದ ಹೊಯ್ಸಳ ಗುಡಿಯ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ, ಹಾಗಾಗಿ ಕೊಲಂಬಸ್‌ಗಿಂತ ಮೊದಲೇ ಅದು ಇಲ್ಲಿತ್ತು ಎಂದು 1989ರಲ್ಲಿ ಕಾರ್ಲ್ ಜೊಹಾನೆಸನ್ ಮತ್ತು ಆನ್ ಪಾರ್ಕರ್ ವಾದಿಸಿದರು. 1993ರಲ್ಲಿ ಭಾರತದ ವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ ಅದನ್ನು ಅಲ್ಲಗಳೆದು, ಶಿಲ್ಪಿ ಕೆತ್ತಿದ್ದು ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು ಎಂದರು. ನನಗೆ ಎರಡನೆಯದೇ ಸರಿ ಎನಿಸುತ್ತದೆ. ಅಷ್ಟು ಸುಲಭವಾಗಿ ಬೆಳೆಯುವ, ಅಷ್ಟು ಕಾಳು ಕೊಡುವ ಬೆಳೆ 13ನೆಯ ಶತಮಾನದಲ್ಲೇ ನಮ್ಮ ಹೊಲಕ್ಕೆ ಬಂದಿದ್ದರೆ ಗುಡಿಯ ಗೋಡೆಯಲ್ಲಿ ಮಾತ್ರ ಉಳಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ, ಗಾದೆಯಲ್ಲಿ, ಹಬ್ಬದಲ್ಲಿ ಅದರ ಗುರುತು ಇರುತ್ತಿತ್ತು. ದೇಶದಲ್ಲಿ ಅದು ದೊಡ್ಡ ಬೆಳೆಯಾಗುವ ದಾರಿ ತೆರೆದದ್ದು 1961ರಲ್ಲಿ ಗಂಗಾ, ಡೆಕ್ಕನ್ ಮುಂತಾದ ಹೈಬ್ರಿಡ್‌ ತಳಿಗಳು ಹೊರಬಂದ ಮೇಲೆ.

ಇನ್ನು ಪೊಲೆಂಟಾದ ಕಡೆ ನೋಡಿದರೆ, ಮೆಕ್ಕೆಜೋಳ ಬರುವುದಕ್ಕೆ ಮುಂಚೆಯೂ ಇಟಲಿಯ ಬಡವರು ಅದನ್ನು ಉಣ್ಣುತ್ತಿದ್ದರು. ಆಗ ಅದರಲ್ಲಿ ಬೇಯುತ್ತಿದ್ದ ಕಾಳುಗಳಲ್ಲಿ ಒಂದು ನವಣೆ. ಸಸ್ಯಶಾಸ್ತ್ರಜ್ಞರು ಸೆಟಾರಿಯಾ ಇಟಾಲಿಕಾ ಎಂದು ಕರೆಯುವ ಕಾಳು ಅದೇ, ಹೊಸದುರ್ಗದ ಕೆಂಪು ನೆಲದಲ್ಲಿ ಸಾವೆಯ ಜೊತೆ ಇಂದಿಗೂ ಬಿತ್ತುವ ಕಾಳೂ ಅದೇ. ಅಂದರೆ ಹೊಸದುರ್ಗದ ಮನೆಯಲ್ಲಿ ನವಣೆ ನುಚ್ಚಿಗೆ ಮಜ್ಜಿಗೆ ಸುರಿದುಕೊಂಡು ಉಂಡವರು ಪೊಲೆಂಟಾದ ಹಳೆಯ ರೂಪವನ್ನೇ ಉಂಡಿದ್ದಾರೆ. ಮಳೆ ಕಡಿಮೆ ಇರುವ ಸೀಮೆಗಳು ಎಲ್ಲಿದ್ದರೂ ಇಂಥ ಅಡುಗೆಗೇ ಬಂದು ಸೇರುತ್ತವೆ. ಕೃಷಿ ಇಲಾಖೆಯ ಲೆಕ್ಕದಲ್ಲಿ ಚಿತ್ರದುರ್ಗ ಮಧ್ಯ ಒಣ ವಲಯ. ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದು ಹಿರಿಯೂರಿನ ಒಂದಷ್ಟು ನೆಲಕ್ಕೆ ನೀರು ಸಿಕ್ಕಿತು, ಆದರೆ ಜಿಲ್ಲೆಯ ಹೆಚ್ಚಿನ ಹೊಲಗಳು ಮೋಡ ನೋಡುವ ಹೊಲಗಳೇ. ಅಲ್ಲಿ ಬೆಳೆಯುವುದು ರಾಗಿ, ಜೋಳ, ನವಣೆ, ಸಾವೆಯಂಥ ಪುಟ್ಟ, ಗಟ್ಟಿ ಕಾಳು. ಅವನ್ನು ಒಡೆದು ಅಥವಾ ಬೀಸಿ, ನೀರು ಕುಡಿಸಿ ಹಿಗ್ಗಿಸಿದಾಗಲೇ ಹೊಟ್ಟೆ ತುಂಬುವ ಊಟ.

ಆ ಹಿಗ್ಗುವಿಕೆಯೇ ಈ ಅಧ್ಯಾಯದ ಮುಖ್ಯ ವಿಷಯ.

ಒಣಗಿದ ಮೆಕ್ಕೆಜೋಳದ ಕಾಳಿನಲ್ಲಿ ನೂರಕ್ಕೆ ಸುಮಾರು 70 ಪಾಲು ಪಿಷ್ಟ. ಆ ಪಿಷ್ಟ ಹರಳು ಹರಳಾಗಿ ಕೂತಿರುತ್ತದೆ. ಒಂದೊಂದು ಹರಳೂ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಗಾತ್ರದ್ದು. ಹರಳಿನೊಳಗೆ ಎರಡು ಬಗೆಯ ಸರಪಳಿಗಳು: ಕಾಲು ಭಾಗದಷ್ಟು ಅಮೈಲೋಸ್, ಉದ್ದನೆಯ ನೇರ ಎಳೆ, ಉಳಿದದ್ದು ಅಮೈಲೋಪೆಕ್ಟಿನ್, ಕವಲು ಕವಲಾಗಿ ಹರಡಿದ್ದು. ತಣ್ಣೀರಲ್ಲಿ ಈ ಹರಳು ಅಲುಗುವುದಿಲ್ಲ. ನೀರಿನ ಬಿಸಿ 62 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಎಳೆಗಳ ನಡುವಿನ ಹಿಡಿತ ಸಡಿಲಗೊಂಡು ನೀರು ಒಳನುಗ್ಗುತ್ತದೆ. 72ರ ಹೊತ್ತಿಗೆ ಬಹುತೇಕ ಹರಳುಗಳು ಊದಿಕೊಂಡಿರುತ್ತವೆ. ಅಮೈಲೋಸ್ ಹರಳಿನಿಂದ ಹೊರಗೆ ಸೋರಿ ಸುತ್ತಲ ನೀರಲ್ಲಿ ಬಲೆ ಕಟ್ಟುತ್ತದೆ. ಪಾತ್ರೆಯಲ್ಲಿದ್ದ ತೆಳು ನೀರು ಗಳಿಗೆಯಲ್ಲಿ ಗಟ್ಟಿಯಾಗುವುದು ಆಗಲೇ.

ಇಲ್ಲೊಂದು ಪ್ರಶ್ನೆ ಏಳಬೇಕು. 72 ಡಿಗ್ರಿಗೆ ಪಿಷ್ಟ ಬೆಂದೇಬಿಟ್ಟರೆ ನುಚ್ಚಿಗೆ ಮುಕ್ಕಾಲು ಗಂಟೆ ಒಲೆಯೇಕೆ? ಚಿತ್ರದುರ್ಗ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 97–98 ಡಿಗ್ರಿಗೆ. ಅಷ್ಟು ಬಿಸಿ ಧಾರಾಳವಾಗಿ ಸಾಕು. ತಡವಾಗುವುದು ಬಿಸಿಯಿಂದಲ್ಲ, ನೀರಿನಿಂದ. ಮೆಕ್ಕೆಜೋಳದ ಕಾಳಿನ ಹೊರಮಗ್ಗುಲು ಗಾಜಿನಂತೆ ಹೊಳೆಯುವ ಗಟ್ಟಿ ಭಾಗ, ನಡುವಿನದು ಬಿಳಿಯ ಮೆದು ಭಾಗ. ಗಟ್ಟಿ ಭಾಗದಲ್ಲಿ ಪಿಷ್ಟದ ಹರಳುಗಳು ಜೀನ್ ಎಂಬ ಪ್ರೋಟೀನಿನ ನಡುವೆ ಒತ್ತೊತ್ತಾಗಿ ಹೂತಿರುತ್ತವೆ, ಮತ್ತು ಜೀನ್ ನೀರನ್ನು ಸುಲಭಕ್ಕೆ ಒಳಗೆ ಬಿಡದು. ನುಚ್ಚಿನ ನಡುವಿನ ತನಕ ನೀರು ಇಳಿಯುವುದಕ್ಕೇ ಅಷ್ಟು ಹೊತ್ತು. ಇಳಿದ ಮೇಲೆ ಬೇಯುವುದು ಕ್ಷಣದ ಕೆಲಸ.

ಇದನ್ನು ಅರಿತರೆ ಗ್ಯಾಸು ಉಳಿಯುತ್ತದೆ. ರಾತ್ರಿಯೇ ನುಚ್ಚನ್ನು ನೆನೆಹಾಕಿದರೆ ನೀರು ತನ್ನ ಪಾಡಿಗೆ ತಾನು ಇಳಿದಿರುತ್ತದೆ, ಬೆಳಿಗ್ಗೆ ಅರ್ಧ ಗಂಟೆಯೊಳಗೆ ನುಚ್ಚು ಬೆಣ್ಣೆಯಾಗುತ್ತದೆ. ಬೇಸಿಗೆಯಲ್ಲಿ ನೆನೆದ ನುಚ್ಚು ಹುಳಿ ಬರುವ ಭಯವಿದ್ದರೆ ನಾಲ್ಕೈದು ಗಂಟೆ ಸಾಕು.

ಗಿರಣಿಯಲ್ಲಿ ಒಡೆಸುವಾಗಲೂ ಒಂದು ಎಚ್ಚರ ಬೇಕು. ಗಟ್ಟಿ ಭಾಗ ನುಚ್ಚಾಗಿ ಬೀಳುತ್ತದೆ, ಮೆದು ಭಾಗ ಪುಡಿಯಾಗಿ ಹಿಟ್ಟಾಗುತ್ತದೆ. ಹಿಟ್ಟನ್ನು ಜರಡಿ ಹಿಡಿದು ಬೇರೆ ಇಟ್ಟುಕೊಳ್ಳಬೇಕು. ಎರಡನ್ನೂ ಒಟ್ಟಿಗೆ ಕುದಿನೀರಿಗೆ ಹಾಕಿದರೆ ಹಿಟ್ಟು ಮೊದಲು ಬೆಂದು ಎಸರನ್ನು ಗಟ್ಟಿ ಮಾಡುತ್ತದೆ, ನುಚ್ಚು ಒಳಗೆ ಹಸಿಯಾಗಿಯೇ ಇರುತ್ತದೆ, ತಳ ಹಿಡಿಯಲು ಆಗಲೇ ಶುರುವಾಗಿರುತ್ತದೆ. ತೌಡನ್ನು ಮೊರದಲ್ಲಿ ಕೇರಿ ತೆಗೆಯುವುದು ನಮ್ಮ ಹೆಂಗಸರು ಜೋಳದ ನುಚ್ಚಿಗೆ ಮಾಡುತ್ತಾ ಬಂದ ಕೆಲಸವೇ.

ಒಂದು ಲೋಟ ನುಚ್ಚಿಗೆ ಐದು ಲೋಟ ನೀರು. ಉಪ್ಪು ಮೊದಲೇ ಬೀಳಲಿ, ಕೊನೆಗೆ ಹಾಕಿದರೆ ಅದು ಕಾಳಿನೊಳಗೆ ಹೋಗುವುದಿಲ್ಲ. ನೆನೆಹಾಕದ ನುಚ್ಚಾದರೆ ತಣ್ಣೀರಲ್ಲಿ ಕಲಸಿಕೊಂಡೇ ಒಲೆಯ ಮೇಲಿಡುವುದು ವಾಸಿ. ಒಣ ನುಚ್ಚನ್ನೋ ಹಿಟ್ಟನ್ನೋ ಕುದಿನೀರಿಗೆ ಒಮ್ಮೆಲೇ ಸುರಿದರೆ ಪ್ರತಿ ಗಂಟಿನ ಹೊರಮೈ ಥಟ್ಟನೆ ಬೆಂದು ಅಂಟಾಗಿ, ಒಡ್ಡು ಹಾಕಿದಂತೆ ನೀರನ್ನು ಹೊರಗೇ ತಡೆಯುತ್ತದೆ. ಒಳಗೆ ಒಣ ಹಿಟ್ಟು ಒಣ ಹಿಟ್ಟಾಗಿಯೇ ಉಳಿಯುತ್ತದೆ. ರಾಗಿ ಅಂಬಲಿ ಕಾಯಿಸುವವರು ಹಿಟ್ಟನ್ನು ತಣ್ಣೀರಲ್ಲಿ ಕದಡಿಕೊಂಡೇ ಎಸರಿಗೆ ಬಿಡುವುದು ಇದಕ್ಕೆ. ಮುದ್ದೆಯ ಲೆಕ್ಕ ಬೇರೆ. ಅಲ್ಲಿ ನೀರು ಕಡಿಮೆ, ಹಿಟ್ಟು ಗುಡ್ಡೆಯಾಗಿ ನಡುವೆ ಕೂತು ಆವಿಯಲ್ಲಿ ಬೆಂದ ಮೇಲೆ ಕೋಲು ಆಡಬೇಕು. ಎರಡೂ ವಿಧಾನದ ಗುರಿ ಒಂದೇ, ಪ್ರತಿ ಹರಳಿಗೂ ನೀರು ಮುಟ್ಟಿಸುವುದು.

ನುಚ್ಚು ಗಟ್ಟಿಯಾಗುತ್ತಿದ್ದಂತೆ ಪಾತ್ರೆಯೊಳಗಿನ ಭೌತಶಾಸ್ತ್ರವೂ ಬದಲಾಗುತ್ತದೆ. ತೆಳು ನೀರಲ್ಲಿ ತಳದ ಬಿಸಿ ತಾನೇ ಮೇಲೇರಿ ಎಲ್ಲೆಡೆ ಹಂಚಿಕೊಳ್ಳುತ್ತದೆ. ಮಂದವಾದ ಎಸರಲ್ಲಿ ಆ ಓಡಾಟ ನಿಂತುಹೋಗಿ, ಬಿಸಿ ತಳದಲ್ಲೇ ಉಳಿದು ತಳ ಸೀಯುತ್ತದೆ. ಆಗ ಉರಿ ತಗ್ಗಿಸಿ, ಐದು ನಿಮಿಷಕ್ಕೊಮ್ಮೆ ಮುದ್ದೆಕೋಲಿನಿಂದಲೋ ಸೌಟಿನಿಂದಲೋ ತಳ ಮುಟ್ಟಿ ತಿರುವಬೇಕು. ಕೈ ಬಿಡದೆ ತಿರುವುತ್ತಲೇ ಇರಬೇಕು ಎಂಬುದು ಪೊಲೆಂಟಾದ ಬಗ್ಗೆ ಬೆಳೆದ ಭಯ. ಅಷ್ಟೆಲ್ಲ ಬೇಕಿಲ್ಲ. ಆದರೆ ಮಂದ ಎಸರಿನ ಕೆಳಗೆ ಸಿಕ್ಕಿಬಿದ್ದ ಆವಿಯ ಗುಳ್ಳೆ ಒಡೆದಾಗ ಬೆಂದ ಪಿಷ್ಟ ಕೈಗೆ ಸಿಡಿದು ಅಂಟಿಕೊಂಡು ಸುಡುತ್ತದೆ. ಉದ್ದ ಹಿಡಿಯ ಸೌಟೂ ಅರೆಮುಚ್ಚಿದ ತಟ್ಟೆಯೂ ಇರಲಿ. ನಿಲ್ಲುವ ಪುರುಸೊತ್ತು ಇಲ್ಲದವರು ನೆನೆದ ನುಚ್ಚನ್ನು ಒಳಪಾತ್ರೆಗೆ ಹಾಕಿ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಇಡಬಹುದು. ಒಳಪಾತ್ರೆಯ ಸುತ್ತ ನೀರಿರುವುದರಿಂದ ತಳ ಸೀಯುವ ಮಾತೇ ಇಲ್ಲ.

ಬೆಂದ ಮೇಲೆ ತಿರುವುವುದರಲ್ಲಿ ಇನ್ನೊಂದು ಲಾಭ. ಊದಿದ ಹರಳುಗಳು ಒಡೆದು ಇನ್ನಷ್ಟು ಪಿಷ್ಟ ನೀರಿಗೆ ಬಿಡುತ್ತವೆ. ಕೆನೆಯಂಥ ನುಣುಪು ಹುಟ್ಟುವುದು ಹೀಗೆ. ಒಲೆ ಆರಿಸಿ ಒಂದು ನಿಂಬೆಗಾತ್ರ ಬೆಣ್ಣೆ ಹಾಕಿ ಜೋರಾಗಿ ಕದಡಿದರೆ ಅದು ಸಣ್ಣ ಸಣ್ಣ ಹನಿಯಾಗಿ ಹರಡಿ ನಾಲಿಗೆಗೆ ಮೆದುವಾಗುತ್ತದೆ. ಜೊತೆಗೆ ಅಮೈಲೋಸ್ ಎಳೆಗಳು ಕೊಬ್ಬಿನಾಮ್ಲವನ್ನು ಸುರುಳಿ ಸುತ್ತಿಕೊಳ್ಳುವುದರಿಂದ ನುಚ್ಚು ಆರುತ್ತಾ ಗಟ್ಟಿಯಾಗುವುದು ತುಸು ನಿಧಾನವಾಗುತ್ತದೆ. ಕಾಳಿಗೆ ಹಳದಿ ಕೊಡುವ ಲೂಟಿನ್ ಮತ್ತು ಝಿಯಾಕ್ಸಾಂಥಿನ್ ಕಣ್ಣಿನ ಪರದೆಗೆ ಬೇಕಾದವು, ಕೊಬ್ಬು ಇದ್ದರೆ ಅವು ಮೈಗೆ ಚೆನ್ನಾಗಿ ಹತ್ತುತ್ತವೆ. ಮೊಸರು, ಮಜ್ಜಿಗೆ ಬೆರೆಸುವವರು ಕುದಿ ಇಳಿದ ಮೇಲೆ ಬೆರೆಸಿ. ಕುದಿಯಲ್ಲಿ ಹುಳಿ ಮಜ್ಜಿಗೆ ಬಿದ್ದರೆ ಹಾಲಿನ ಪ್ರೋಟೀನು ಒಡೆದು ತರಿತರಿಯಾಗುತ್ತದೆ.

ಈಗ ಬಡಿಸಿಕೊಂಡು ಒಂದು ತುತ್ತು ತಿಂದು ನೋಡಿದರೆ ಸಪ್ಪೆ. ಉಪ್ಪು ಸರಿಯಾಗಿದ್ದರೂ ಸಪ್ಪೆಯೇ. ಮಂದವಾದ ಪದಾರ್ಥದಲ್ಲಿ ರುಚಿಯ ಕಣಗಳು ನಾಲಿಗೆಗೆ ಬೇಗ ತಲುಪುವುದಿಲ್ಲ. ಹಾಗಾಗಿ ಮೇಲಿನದು ಖಾರವಾಗಿ, ಹುಳಿಯಾಗಿ, ಘಾಟಾಗಿ ಇರಬೇಕು. ಆದರೆ ರುಚಿ ಇಲ್ಲಿ ಅರ್ಧ ಕಾರಣ ಮಾತ್ರ. ಇನ್ನರ್ಧ ಕಾರಣಕ್ಕೆ ಸ್ಪೇನಿನ ಮೂಲಕ ಮತ್ತೆ ಇಟಲಿಗೆ ಹೋಗಬೇಕು.

ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲಿ ಒಂದು ಹೊಸ ರೋಗವನ್ನು ಕಂಡ. ಬಿಸಿಲು ಬಿದ್ದ ಕಡೆಯೆಲ್ಲ, ಕೈ ಮೇಲೆ, ಕತ್ತಿನ ಸುತ್ತ, ಚರ್ಮ ಕೆಂಪಾಗಿ ಬಿರಿಯುತ್ತಿತ್ತು. ಆಮೇಲೆ ಭೇದಿ, ಆಮೇಲೆ ಬುದ್ಧಿಭ್ರಮೆ, ಕೊನೆಗೆ ಸಾವು. 1771ರಲ್ಲಿ ಮಿಲಾನಿನ ಫ್ರಾನ್ಸೆಸ್ಕೊ ಫ್ರಾಪೊಲಿ ಅದಕ್ಕೆ ಪೆಲ್ಲಾಗ್ರ ಎಂದು ಹೆಸರಿಟ್ಟ. ರೋಗ ಬಂದದ್ದು ಮೂರು ಹೊತ್ತೂ ಪೊಲೆಂಟಾ, ಬರೀ ಪೊಲೆಂಟಾ ಉಣ್ಣುತ್ತಿದ್ದ ಬಡ ಕೂಲಿಗಳಿಗೆ. ಬೆಣ್ಣೆ, ಮಾಂಸ, ಗಿಣ್ಣು ಜಮೀನ್ದಾರರ ತಟ್ಟೆಯಲ್ಲಿತ್ತು. 1881ರ ಲೆಕ್ಕದಲ್ಲಿ ಇಟಲಿಯಲ್ಲಿ ಲಕ್ಷಕ್ಕೂ ಹೆಚ್ಚು ಜನ ಪೆಲ್ಲಾಗ್ರ ರೋಗಿಗಳು. ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಅದು ಹಬ್ಬಿತು. ಅಂಟುರೋಗ ಎಂದು ಹಲವರು ನಂಬಿದ್ದಾಗ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ಅನಾಥಾಲಯ, ಆಸ್ಪತ್ರೆಗಳನ್ನು ಗಮನಿಸಿ ನೋಡಿದ. ರೋಗ ಬರುತ್ತಿದ್ದುದು ಒಳಗಿದ್ದವರಿಗೆ, ಅವರನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಅಲ್ಲ. ಇಬ್ಬರ ಊಟ ಬೇರೆ ಬೇರೆ. 1915ರಲ್ಲಿ ಮಿಸಿಸಿಪ್ಪಿಯ ಜೈಲಿನಲ್ಲಿ ಒಪ್ಪಿ ಬಂದ 11 ಕೈದಿಗಳಿಗೆ ಮೆಕ್ಕೆಜೋಳವೇ ಮುಂತಾದ ಬಡ ಊಟ ಕೊಟ್ಟು, ಅವರಲ್ಲಿ 6 ಜನರಿಗೆ ರೋಗ ಬರುವುದನ್ನು ಅವನು ತೋರಿಸಿದ. ಮನುಷ್ಯರ ಮೇಲೆ ಹಾಗೆ ಪ್ರಯೋಗ ಮಾಡುವುದನ್ನು ಇಂದು ಯಾರೂ ಒಪ್ಪರು. ಆದರೆ ಕಾರಣ ಊಟದಲ್ಲಿದೆ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ಆ ಕೊರತೆಯ ಹೆಸರು ಕಂಡುಹಿಡಿದ: ನಯಾಸಿನ್, ಬಿ ಗುಂಪಿನ ಒಂದು ವಿಟಮಿನ್.

ಮೆಕ್ಕೆಜೋಳದಲ್ಲಿ ನಯಾಸಿನ್ ಇಲ್ಲವೆಂದಲ್ಲ. ಇದ್ದರೂ ಅದು ಬೇರೆ ಅಣುಗಳಿಗೆ ಬಿಗಿಯಾಗಿ ಅಂಟಿಕೊಂಡಿದ್ದು ಕರುಳಿಗೆ ಸಿಗುವುದಿಲ್ಲ. ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ದೇಹ ತಾನೇ ನಯಾಸಿನ್ ಮಾಡಿಕೊಳ್ಳಬಲ್ಲದು, 60 ಮಿಲಿಗ್ರಾಂಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ. ಆದರೆ ಜೀನ್ ಪ್ರೋಟೀನಿನಲ್ಲಿ ಆ ಟ್ರಿಪ್ಟೊಫ್ಯಾನೇ ಅತಿ ಕಡಿಮೆ. ಎರಡೂ ಬಾಗಿಲು ಮುಚ್ಚಿದಂತಾಯಿತು.

ಹಾಗಾದರೆ ಸಾವಿರಾರು ವರ್ಷ ಇದನ್ನೇ ಉಂಡ ಮೆಕ್ಸಿಕೊದವರಿಗೆ ಪೆಲ್ಲಾಗ್ರ ಏಕೆ ಬರಲಿಲ್ಲ? ಅವರು ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿ ಹಾಗೇ ಬಿಟ್ಟು, ತೊಳೆದು ಬಳಸುತ್ತಿದ್ದರು. ಸುಣ್ಣದ ಕ್ಷಾರ ಕಾಳಿನ ಸಿಪ್ಪೆಯನ್ನು ಕರಗಿಸುತ್ತದೆ, ಅಂಟಿಕೊಂಡ ನಯಾಸಿನ್ ಅನ್ನು ಬಿಡಿಸುತ್ತದೆ, ಮೇಲಿಂದ ಕ್ಯಾಲ್ಸಿಯಂ ಸೇರಿಸುತ್ತದೆ. ಕಾಳನ್ನು ಹಡಗಿನಲ್ಲಿ ಒಯ್ದ ಯುರೋಪು ಆ ಪದ್ಧತಿಯನ್ನು ಒಯ್ಯಲಿಲ್ಲ. ಮನೆಯಲ್ಲಿ ಮಾಡಬೇಕೆಂದರೆ ಒಂದು ಕಿಲೋ ಕಾಳಿಗೆ ತಿನ್ನಲು ಯೋಗ್ಯವಾದ ಅರಳಿದ ಸುಣ್ಣ 10 ಗ್ರಾಂ, ನೀರು ಮೂರು ಲೀಟರು. ಸ್ಟೀಲ್ ಪಾತ್ರೆಯಲ್ಲಿ ಅರ್ಧ ಗಂಟೆಯ ಮೇಲೆ ಕುದಿಸಿ, ರಾತ್ರಿ ಬಿಟ್ಟು, ಉಜ್ಜಿ ಮೂರ್ನಾಲ್ಕು ನೀರಲ್ಲಿ ತೊಳೆದು, ಕಡು ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ ನುಚ್ಚು ಒಡೆಸಬಹುದು. ಅಲ್ಯುಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿನ್ನುತ್ತದೆ.

ಪೆಲ್ಲಾಗ್ರ ನಮಗೆ ದೂರದ ಕಥೆಯೂ ಅಲ್ಲ. ದಖ್ಖನಿನಲ್ಲಿ ಜೋಳವನ್ನೇ ನೆಚ್ಚಿ ಬದುಕುತ್ತಿದ್ದ ಬಡವರಲ್ಲಿ ಅದು ಕಾಣಿಸಿಕೊಳ್ಳುತ್ತಿತ್ತು. 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಹೈದರಾಬಾದಿನಿಂದ ಇದರ ಬಗ್ಗೆ ಬರೆದರು. ಜೋಳದಲ್ಲಿ ಹೆಚ್ಚಾಗಿರುವ ಲೂಸಿನ್ ಎಂಬ ಅಮೈನೋ ಆಮ್ಲ ನಯಾಸಿನ್ ತಯಾರಿಕೆಗೆ ಅಡ್ಡ ಬರುತ್ತದೆ ಎಂಬುದು ಅವರ ವಿವರಣೆ. ಆ ವಿವರಣೆಯನ್ನು ಮುಂದೆ ಎಲ್ಲರೂ ಒಪ್ಪಲಿಲ್ಲ. ಆದರೂ ಒಂದೇ ಧಾನ್ಯದ ಮೇಲೆ ಬದುಕು ನಿಂತಾಗ ಏನಾಗುತ್ತದೆ ಎಂಬುದಕ್ಕೆ ಮಿಲಾನಿಗೆ ಹೋಗಬೇಕಿಲ್ಲ ಎಂದು ಆ ರೋಗಿಗಳು ತೋರಿಸಿದ್ದರು. ನಾಲ್ಕು ಬಗೆ ಉಣ್ಣುವವರು ದಿನಕ್ಕೊಮ್ಮೆ ಮೆಕ್ಕೆಜೋಳದ ನುಚ್ಚು ಉಂಡರೆ ಯಾವ ಭಯವೂ ಇಲ್ಲ.

ಮತ್ತು ಚಿತ್ರದುರ್ಗದಲ್ಲಿ ಆ ನಾಲ್ಕು ಬಗೆ ಹೊಲದಲ್ಲೇ ಇವೆ. ಮೊದಲನೆಯದು ಶೇಂಗಾ. ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ಬೆಳೆಸಿದ ಈ ಕಾಯಿ ನಯಾಸಿನ್‌ನ ಕಣಜ: 100 ಗ್ರಾಂನಲ್ಲಿ ಸುಮಾರು 12 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದ್ದು 14–16 ಮಿಲಿಗ್ರಾಂ. ಹುರಿದ ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕುಟ್ಟಿದ ಚಟ್ನಿಪುಡಿ ಮೂರು ಚಮಚ, ಮೇಲೊಂದಿಷ್ಟು ಬಿಸಿ ಎಣ್ಣೆ ಬಿದ್ದರೆ ಮೆಕ್ಕೆಜೋಳದ ಕೊರತೆಯ ಒಂದು ಭಾಗ ಅಲ್ಲೇ ತುಂಬಿತು. ಎರಡನೆಯದು ಹುರುಳಿ. ಮೆಕ್ಕೆಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಹುರುಳಿಯಂಥ ಕಾಳುಗಳಲ್ಲಿ ಧಾರಾಳ. ಹುರುಳಿಯನ್ನು ಬೇಯಿಸಿ ಬಸಿದು, ಕಟ್ಟಿಗೆ ಹುಣಸೆ, ಕಾರ, ಬೆಳ್ಳುಳ್ಳಿ ಅರೆದು ಹಾಕಿದ ಸಾರು ನುಚ್ಚಿನ ಸುತ್ತ. ಮೂರನೆಯದು ಸೊಪ್ಪು: ಬಸಿದ ಕಾಳಿಗೆ ದಂಟಿನ ಸೊಪ್ಪೋ ಅಣ್ಣೆಸೊಪ್ಪೋ ಸೇರಿಸಿ ಒಗ್ಗರಿಸಿದ ಪಲ್ಯ ನುಚ್ಚಿನ ಮೇಲೆ. ಬಸ್ಸಾರಿಗಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ನಮ್ಮ ಕಡೆ ಬೋರ್‌ವೆಲ್ ನೀರು ಗಡುಸು. ಅದರ ಕ್ಯಾಲ್ಸಿಯಂ ಕಾಳಿನ ಪೆಕ್ಟಿನ್ ಜೊತೆ ಸೇರಿ ಗೋಡೆಯನ್ನು ಇನ್ನಷ್ಟು ಬಿಗಿ ಮಾಡುವುದರಿಂದ ಹುರುಳಿ ಎಷ್ಟು ಕುದಿಸಿದರೂ ಕಲ್ಲಾಗೇ ಇರುತ್ತದೆ. ಮಳೆನೀರಲ್ಲೋ ಶುದ್ಧೀಕರಿಸಿದ ನೀರಲ್ಲೋ ಬೇಯಿಸಿದರೆ ಆ ಕಷ್ಟ ತಪ್ಪುತ್ತದೆ.

ನಾಲ್ಕನೆಯದಾದ ಈರುಳ್ಳಿಯ ಬಗ್ಗೆ ಹೇಳದೆ ಮುಗಿಸಲಾಗದು, ಜಿಲ್ಲೆಯೇ ಈರುಳ್ಳಿಯ ಜಿಲ್ಲೆ. ಉದ್ದುದ್ದ ಹೆಚ್ಚಿ, ಶೇಂಗಾ ಎಣ್ಣೆಯಲ್ಲಿ ಸಣ್ಣ ಉರಿಗೆ ಕಂದು ಬರುವ ತನಕ ಬಾಡಿಸಿ, ಟೊಮೇಟೊ, ಹಸಿಮೆಣಸಿನಕಾಯಿ ಹಾಕಿ ಮಂದ ಗೊಜ್ಜು ಮಾಡಿದರೆ ಅವಸರದ ದಿನಕ್ಕೆ ಅದೊಂದೇ ಸಾಕು. ಮೊಟ್ಟೆ ತಿನ್ನುವವರಿಗೆ ಗೊಜ್ಜಿನ ಮೇಲೊಂದು ಮೊಟ್ಟೆ, ಮಾಂಸ ತಿನ್ನುವವರಿಗೆ ಮಟನ್ ಸಾರು, ಎರಡೂ ಟ್ರಿಪ್ಟೊಫ್ಯಾನ್ ಕೊಡುವಂಥವೇ.

ಕಾಳು ಆರಿಸುವಾಗ ಮಾತ್ರ ಕೈ ಬಿಗಿಯಿರಲಿ. ತೇವ ಉಳಿದ ಮೆಕ್ಕೆಜೋಳದಲ್ಲಿ, ಶೇಂಗಾದಲ್ಲೂ, ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಕಾರುತ್ತದೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ಉಂಡು ನೂರಕ್ಕೂ ಹೆಚ್ಚು ಜನ ಸತ್ತರು. ಒಲೆಯ ಬಿಸಿಗೆ ಈ ವಿಷ ನಾಶವಾಗುವುದಿಲ್ಲ. ಕಪ್ಪಾದ, ಹಸಿರು ಪುಡಿ ಅಂಟಿದ, ಮುಗ್ಗಲು ವಾಸನೆಯ ಕಾಳು ಕೋಳಿಗೂ ಬೇಡ. ಮನೆಗೆಂದು ಎತ್ತಿಡುವ ಚೀಲ ರಸ್ತೆಯಲ್ಲಿ ಒಣಗಿದ್ದಾಗಿರದೆ ತಾಡಪಾಲಿನ ಮೇಲೆ ಹಲ್ಲಿಗೆ ಕಟಕ್ಕೆನ್ನುವಷ್ಟು ಒಣಗಿದ್ದಾಗಿರಲಿ.

ಉಳಿದ ನುಚ್ಚನ್ನು ಎಣ್ಣೆ ಸವರಿದ ತಟ್ಟೆಗೆ ಬಿಸಿ ಇರುವಾಗಲೇ ಹರವಿ ಆರಲು ಬಿಡಬೇಕು. ಹರಳಿನಿಂದ ಸೋರಿದ್ದ ಅಮೈಲೋಸ್ ಎಳೆಗಳು ತಣ್ಣಗಾಗುತ್ತಾ ಮತ್ತೆ ಒಂದಕ್ಕೊಂದು ಹೊಂದಿಕೊಂಡು ಬಿಗಿಯಾಗುತ್ತವೆ; ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ. ಹೀಗೆ ಬಿಗಿದ ಪಿಷ್ಟದ ಒಂದು ಪಾಲನ್ನು ನಮ್ಮ ಕಿಣ್ವಗಳು ಒಡೆಯಲಾರವು, ಅದು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳ ಪಾಲಿಗೆ ಹೋಗುತ್ತದೆ. ಮಾರನೆಯ ಬೆಳಿಗ್ಗೆ ಬಿಲ್ಲೆ ಕತ್ತರಿಸಿ ಕಾದ ಹೆಂಚಿನ ಮೇಲೆ, ಒಂದು ಮಗ್ಗುಲು ಪೂರ್ತಿ ಕೆಂಪಾಗಿ ತಾನೇ ಹೆಂಚು ಬಿಡುವ ತನಕ ಮುಟ್ಟದೆ ಬಿಟ್ಟು, ಆಮೇಲೆ ಮಗುಚಬೇಕು. ಅವಸರದಲ್ಲಿ ಮಗುಚಿದರೆ ಪುಡಿಯಾಗುತ್ತದೆ. ಅದಕ್ಕೆ ಉಚ್ಚೆಳ್ಳು ಚಟ್ನಿ, ಗಟ್ಟಿ ಮೊಸರು.